ವೇಗ ಆಧಾರಿತ ಉದ್ದೀಪನ: ನಿಂತ ನೀರಿನಿಂದಲೂ ಸಂಕೇತ ಏಕೆ ಬರುತ್ತದೆ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿ)

3 ಟೆಸ್ಲಾ ಎಂಆರ್‌ಐ ಯಂತ್ರದಲ್ಲಿ, ಚಲಿಸುತ್ತಿರುವ ಸ್ಪಿನ್‌ಗಳನ್ನು (ಪುಟ್ಟ ಕಾಂತಗಳಂತಿರುವ ಹೈಡ್ರೋಜನ್ ನ್ಯೂಕ್ಲಿಯಸ್‌ಗಳನ್ನು) ಮಾತ್ರ ಉದ್ದೀಪಿಸುವ ಸರಳ ಕ್ರಮವೊಂದನ್ನು ಪರೀಕ್ಷಿಸುತ್ತಿದ್ದೇನೆ. ಮೊದಲು ಸ್ಪಿನ್‌ಗಳನ್ನು ವಾಲಿಸುವ 90 ಡಿಗ್ರಿ ರೇಡಿಯೋ (ಆರ್‌ಎಫ್) ಪಲ್ಸ್, ಅದರ ಹಿಂದೆಯೇ ಪರಸ್ಪರ ವಿರುದ್ಧ ದಿಕ್ಕಿನ ಎರಡು ಗ್ರೇಡಿಯೆಂಟ್‌ಗಳು (ಸ್ಥಳದಿಂದ ಸ್ಥಳಕ್ಕೆ ಬದಲಾಗುವ ಕಾಂತಕ್ಷೇತ್ರಗಳು; ತಲಾ 20 ಮಿಲಿಟೆಸ್ಲಾ ಪ್ರತಿ ಮೀಟರ್, 1 ಮಿಲಿಸೆಕೆಂಡ್), ಕೊನೆಗೆ ನಿಂತ ಸ್ಪಿನ್‌ಗಳನ್ನು ಮೊದಲಿನ ಸ್ಥಿತಿಗೆ ಮರಳಿಸಲು ಮೈನಸ್ 90 ಡಿಗ್ರಿ ಪಲ್ಸ್. ಪಲ್ಸ್‌ಗಳ ನಡುವಿನ ಅಂತರ 3 ಮಿಲಿಸೆಕೆಂಡ್. ಕೊಳವೆಯಲ್ಲಿ ಹರಿಯುವ ನೀರು ನಿರೀಕ್ಷೆಯಂತೆ ಹೊಳೆಯುತ್ತದೆ. ಆದರೆ ಫ್ಯಾಂಟಮ್‌ನೊಳಗಿನ (ಪರೀಕ್ಷೆಗೆ ಬಳಸುವ ನೀರು ತುಂಬಿದ ಪಾತ್ರೆಯೊಳಗಿನ) ಗಾಳಿಗುಳ್ಳೆಯ ಸುತ್ತ ನಿಂತ ನೀರೂ ಹೊಳೆಯುತ್ತಿದೆ. ಇದಕ್ಕೆ ಎಡ್ಡಿ ಕರೆಂಟ್ (ಗ್ರೇಡಿಯೆಂಟ್ ಬದಲಾದಾಗ ಯಂತ್ರದ ಲೋಹಭಾಗಗಳಲ್ಲಿ ಹುಟ್ಟುವ ವಿದ್ಯುತ್) ಕಾರಣವಿರಬಹುದೇ?

ಉತ್ತರ 1

ಎಡ್ಡಿ ಕರೆಂಟ್‌ಗಿಂತ ಮೊದಲು ಕಾಂತಕ್ಷೇತ್ರದ ಅಸಮತೆಯನ್ನು ಅನುಮಾನಿಸಿ. ಎರಡನೆಯ ಪಲ್ಸ್‌ಗೆ ಕಾಣುವುದು ಸ್ಪಿನ್ ಗಳಿಸಿದ ಫೇಸ್ (ತಿರುಗಿದ ಕೋನ) ಮಾತ್ರ. ಆ ಫೇಸ್ ಚಲನೆಯಿಂದ ಬಂತೋ ಬೇರೆಡೆಯಿಂದ ಬಂತೋ ಅದಕ್ಕೆ ತಿಳಿಯದು. ನಿಮ್ಮ ಗ್ರೇಡಿಯೆಂಟ್‌ಗಳ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 59 ಸೆಂ.ಮೀ. ವೇಗಕ್ಕೆ 180 ಡಿಗ್ರಿ ಫೇಸ್ ಬರುತ್ತದೆ, ಅದರರ್ಧ ವೇಗಕ್ಕೆ 90 ಡಿಗ್ರಿ. ಸಂಕೇತ ಗರಿಷ್ಠವಾಗುವುದು ಈ ಎರಡನೆಯ ವೇಗದಲ್ಲೇ. ಗುಳ್ಳೆಯ ಬಳಿ ಆವರ್ತನ 83 ಹರ್ಟ್ಜ್‌ನಷ್ಟು ಸರಿದಿದ್ದರೂ ಸಾಕು, 3 ಮಿಲಿಸೆಕೆಂಡ್‌ನಲ್ಲಿ ಅಷ್ಟೇ 90 ಡಿಗ್ರಿ ಕೂಡುತ್ತದೆ, ಮತ್ತು ನಿಂತ ನೀರು ಹರಿಯುವ ನೀರಿನ ವೇಷ ತೊಡುತ್ತದೆ.

ಪಲ್ಸ್‌ಗಳನ್ನೂ ಸಮಯವನ್ನೂ ಹಾಗೆಯೇ ಇಟ್ಟು, ಗ್ರೇಡಿಯೆಂಟ್‌ಗಳ ಎತ್ತರವನ್ನು ಮಾತ್ರ ಸೊನ್ನೆ ಮಾಡಿ ನೋಡಿ. ಆಗಲೂ ಹೊಳಪು ಉಳಿದರೆ ಅಸಮತೆಯೇ ಕಾರಣ. ಮಾಯವಾದರೆ ನಿಮ್ಮ ಊಹೆಗೆ ಬಲ ಬರುತ್ತದೆ. ಗ್ರೇಡಿಯೆಂಟ್‌ಗಳ ದಿಕ್ಕನ್ನು ತಿರುಗಿಸಿ ಎರಡು ಚಿತ್ರಗಳನ್ನು ಕಳೆಯುವ ಉಪಾಯವನ್ನು ಹಲವರು ಸೂಚಿಸುತ್ತಾರೆ. ಅಸಮತೆಯ ಪಾಲು ಅದರಿಂದ ಹೋಗುವುದು ನಿಜ, ಆದರೆ ಎಡ್ಡಿ ಕರೆಂಟ್‌ನ ಫೇಸ್ ಕೂಡ ಚಲನೆಯ ಫೇಸ್‌ನಂತೆಯೇ ಚಿಹ್ನೆ ಬದಲಿಸುವುದರಿಂದ ಅದು ಹಾಗೆಯೇ ಉಳಿಯುತ್ತದೆ.

ಉತ್ತರ 2

ಮೇಲಿನ ವಿವರಣೆ ಸರಿ. ಪರಿಹಾರವೆಂದರೆ ನಡುವೆ 180 ಡಿಗ್ರಿ ಪಲ್ಸ್ ಒಂದನ್ನು ಇಟ್ಟು, ಅದರ ಎರಡೂ ಬದಿಗೆ ಗ್ರೇಡಿಯೆಂಟ್‌ಗಳನ್ನು ಒಂದೇ ದಿಕ್ಕಿನಲ್ಲಿ ಕೊಡುವುದು. ಅಸಮತೆಯ ಫೇಸ್ ಮರಳಿ ಸೊನ್ನೆಯಾಗುತ್ತದೆ, ವೇಗದ ಫೇಸ್ ಉಳಿಯುತ್ತದೆ. ಆರ್‌ಎಫ್ ಕ್ಷೇತ್ರವೂ ಎಲ್ಲೆಡೆ ಸಮವಾಗಿರುವುದಿಲ್ಲವಾದ್ದರಿಂದ ಆ 180 ಅನ್ನು ಅಡಿಯಾಬ್ಯಾಟಿಕ್ ಪಲ್ಸ್ (ಆರ್‌ಎಫ್ ಬಲ ತುಸು ಹೆಚ್ಚುಕಡಿಮೆಯಾದರೂ ಕೋನ ತಪ್ಪದ ಪಲ್ಸ್) ಆಗಿ ರಚಿಸುವುದು ಕ್ಷೇಮ.

ಪ್ರಶ್ನಿಸಿದವರು

ಧನ್ಯವಾದಗಳು ಸರ್. ಗ್ರೇಡಿಯೆಂಟ್ ಸೊನ್ನೆ ಮಾಡಿದರೂ ಹೊಳಪು ಹೋಗಲಿಲ್ಲ. ಇದೇ ವಿಧಾನವನ್ನು ಮೆದುಳಿನ ರಕ್ತಪೂರೈಕೆ ಅಳೆಯಲು ಬಳಸಬಹುದೇ?

ಉತ್ತರ 3

ಖಂಡಿತ. ವೇಗವನ್ನೇ ಆಧರಿಸಿ ರಕ್ತವನ್ನು ಗುರುತು ಮಾಡುವ ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್ ಇದರ ಹತ್ತಿರದ ಬಂಧು. ಕುತ್ತಿಗೆಯಲ್ಲಿ ಗುರುತು ಮಾಡಿದ ರಕ್ತ ಮೆದುಳನ್ನು ತಲುಪುವವರೆಗೆ ಸಾಮಾನ್ಯ ವಿಧಾನದಲ್ಲಿ ಸುಮಾರು 2 ಸೆಕೆಂಡ್ ಕಾಯುತ್ತಾರೆ. 3 ಟೆಸ್ಲಾದಲ್ಲಿ ರಕ್ತದ ಟಿ1 (ಗುರುತು ಮಾಸುವ ಕಾಲಮಾನ) ಸುಮಾರು 1.65 ಸೆಕೆಂಡ್ ಆದ್ದರಿಂದ, ನಾಳ ಕಿರಿದಾಗಿ ರಕ್ತ ತಡವಾಗಿ ಬರುವ ರೋಗಿಗಳಲ್ಲಿ ಗುರುತು ದಾರಿಯಲ್ಲೇ ಮಾಸಿಬಿಡುತ್ತದೆ. ವೇಗ ಆಧಾರಿತ ವಿಧಾನದಲ್ಲಿ ಗುರುತು ಅಂಗಾಂಶದ ಪಕ್ಕದಲ್ಲೇ ಆಗುವುದರಿಂದ ಈ ತೊಂದರೆ ಬಹಳ ತಗ್ಗುತ್ತದೆ.

ಆದರೆ ಇಲ್ಲಿ ಮಿತಿವೇಗ (ಇದಕ್ಕಿಂತ ವೇಗವಾಗಿ ಹರಿಯುವ ರಕ್ತ ಗುರುತಾಗುತ್ತದೆ) ಸಾಮಾನ್ಯವಾಗಿ ಸೆಕೆಂಡಿಗೆ 2 ಸೆಂ.ಮೀ.ಯಷ್ಟಿರುತ್ತದೆ. ಅದಕ್ಕೆ 180 ಡಿಗ್ರಿ ಫೇಸ್ ಎಂದುಕೊಂಡರೆ, ಅಂಗಾಂಶ ಸೆಕೆಂಡಿಗೆ 1 ಮಿ.ಮೀ. ಸರಿದರೂ 9 ಡಿಗ್ರಿ ಫೇಸ್ ಬಂದು, ಅದರ ಕಾಂತೀಯತೆ ಶೇಕಡಾ 1.2ರಷ್ಟು ಕುಗ್ಗುತ್ತದೆ. ನಾವು ಹುಡುಕುವ ರಕ್ತದ ಸಂಕೇತವೇ ಸುಮಾರು ಶೇಕಡಾ 1ರಷ್ಟು! ಮೆದುಳಿನಲ್ಲಿ ಇದನ್ನು ಹೇಗೋ ನಿಭಾಯಿಸಬಹುದು, ಹೃದಯದಲ್ಲಿ ಮತ್ತು ಉಸಿರಾಟದೊಂದಿಗೆ ಸರಿಯುವ ಮೂತ್ರಪಿಂಡದಲ್ಲಿ ಕಷ್ಟ. ಗ್ರೇಡಿಯೆಂಟ್ ಒಂದೇ ಅಕ್ಷದಲ್ಲಿದ್ದರೆ ಅದಕ್ಕೆ ಅಡ್ಡವಾಗಿ ಹರಿಯುವ ರಕ್ತ ಗುರುತಾಗುವುದೇ ಇಲ್ಲ ಎಂಬುದನ್ನೂ ಕೊಳವೆಯನ್ನು ತಿರುಗಿಸಿಟ್ಟು ಒಮ್ಮೆ ಪರೀಕ್ಷಿಸಿ.