ಹಲಸಿನಕಾಯಿ ಅಲ್ಲ, ಆರ್ಟು

ಭಾನುವಾರ ಕಾಫಿಗೆ ಬಂದ ಸೀನ ನನ್ನ ಲ್ಯಾಪ್‌ಟಾಪಿಗೆ ಇಣುಕಿ, ‘ಹಲಸಿನಕಾಯಿ ಎಷ್ಟು ಚೆನ್ನಾಗಿ ಬಂದಿದೆಯೋ!’ ಎಂದ.

‘ಹಲಸಿನಕಾಯಿ ಅಲ್ಲ ಮಾರಾಯ. ಅಬ್‌ಸ್ಟ್ರಾಕ್ಟ್ ಆರ್ಟು. ಹೆಸರು “ಮೌನ”.’

‘ಮೌನಕ್ಕೆ ಇಷ್ಟೊಂದು ಮುಳ್ಳಾ?’ ಗುಂಡ ಕೋಡುಬಳೆ ಕಡಿಯುತ್ತಾ ಕೇಳಿದ.

ವಿವರಿಸಲು ಹೊರಟೆ. ಅಲ್ಲೇ ಎಡವಿದ್ದು. ‘ಬ್ಲೆಂಡರ್ ಅನ್ನೋ 3ಡಿ ಚಿತ್ರದ ಸಾಫ್ಟ್‌ವೇರ್ ತೆಗೆದ ಕೂಡಲೇ ನಡುವೆ ಒಂದು ಕ್ಯೂಬ್ ಕೂತಿರುತ್ತೆ. ಮೊದಲು ಅದನ್ನ ಡಿಲೀಟ್ ಮಾಡಬೇಕು.’

‘ಆಮೇಲೆ?’

‘ಆಮೇಲೆ ಒಂದು ಕ್ಯೂಬ್ ಸೇರಿಸಬೇಕು.’

ಇಬ್ಬರೂ ಮುಖ ಮುಖ ನೋಡಿಕೊಂಡರು. ‘ಬಾಗಿಲಿಗೆ ಬಂದ ನೆಂಟನನ್ನ ಓಡಿಸಿ, ಫೋನ್ ಮಾಡಿ ವಾಪಸ್ ಕರೆದ ಹಾಗಾಯ್ತು’ ಎಂದ ಸೀನ. ಏನು ಹೇಳಲಿ, ನನ್ನಂಥವರೆಲ್ಲ ಹಾಗೇ ಮಾಡೋದು. ಕೈ ಅಭ್ಯಾಸ.

ಕ್ಯೂಬಿಗೆ ಆರು ಮುಖ. ಸಬ್‌ಡಿವಿಷನ್ ಒಂದು ಸಲ ಕೊಟ್ಟರೆ ಒಂದೊಂದು ಮುಖವೂ ನಾಲ್ಕಾಗಿ ಒಟ್ಟು 24. ಆರು ಸಲಕ್ಕೆ 24,576. ಸ್ಲೈಡರ್ ಎಳೆದರೆ ಆರಕ್ಕೇ ನಿಲ್ಲುತ್ತದೆ. ಪಾಪ, ನಮ್ಮ ಒಳ್ಳೇದಕ್ಕೇ. ನಾನು ಬುದ್ಧಿವಂತ, ಸುಮ್ನೆ ನೋಡೋಣ ಅಂತ 10 ಎಂದು ಟೈಪ್ ಮಾಡಿದೆ. 62,91,456 ಮುಖ! ಫ್ಯಾನು ಚಟ್ನಿ ರುಬ್ಬುವ ಮಿಕ್ಸಿಯ ಹಾಗೆ ಕೂಗಿಕೊಂಡಿತು. ಆಮೇಲೆ ಸ್ಕ್ರೀನು ಅಲ್ಲಾಡಲಿಲ್ಲ, ಮೌಸೂ ಅಲ್ಲಾಡಲಿಲ್ಲ.

‘ಓ, ಅದಕ್ಕೇ “ಮೌನ”!’ ಎಂದ ಗುಂಡ.

ಕೇಳಿಸದವನ ಹಾಗೆ ಮುಂದುವರಿಸಿದೆ. ‘ಮತ್ತೆ ಆರಕ್ಕೆ ಇಳಿಸಿ, ಮೈಯನ್ನ ಒಳಗೆ ಹೊರಗೆ ತಳ್ಳೋ ಡಿಸ್‌ಪ್ಲೇಸ್ ಹಾಕಿ, ಅದಕ್ಕೆ ನಾಯ್ಸ್ ಕೊಟ್ಟೆ. ಮೈಯೆಲ್ಲ ಉಬ್ಬು ತಗ್ಗು ಎದ್ದಿತು.’

‘ನಾಯ್ಸ್ ಅಂದ್ರೆ ಗದ್ದಲ ಅಲ್ವಾ? ಗದ್ದಲ ಹಾಕಿ ಮೌನ ಮಾಡಿದೆಯಾ?’

‘ಹಗುರವಾಗಿ ಮಾತಾಡಬೇಡ. ಕಂಪ್ಯೂಟರ್ ಚಿತ್ರಗಳು ತೀರಾ ಯಂತ್ರದ ಹಾಗೆ ಕಾಣ್ತವೆ ಅಂತ ಬೇಜಾರಾಗಿ ಕೆನ್ ಪರ್ಲಿನ್ ಅನ್ನೋರು 1983ರಲ್ಲಿ ಇಂಥದ್ದೊಂದು ನಾಯ್ಸ್, ಅಂದ್ರೆ ಅಡ್ಡಾದಿಡ್ಡಿ ಏರಿಳಿತದ ಲೆಕ್ಕ ಕಟ್ಟಿದರು. ಮೋಡ, ಬೆಂಕಿ, ಅಮೃತಶಿಲೆಯ ಗೆರೆ, ಎಲ್ಲಾ ಅದರಲ್ಲಿ ಬರುತ್ತೆ. 1997ರಲ್ಲಿ ಆಸ್ಕರ್ ಕೊಡೋ ಅಕಾಡೆಮಿಯೇ ಅವರಿಗೆ ತಾಂತ್ರಿಕ ಪ್ರಶಸ್ತಿ ಕೊಟ್ಟಿದೆ.’

‘ನಮ್ಮ ಮೇಲಿನ ಮನೆ ಹುಡುಗರೂ ದಿನಾ ನಾಯ್ಸ್ ಮಾಡ್ತಾರೆ. ಒಂದು ಮೋಡಾನೂ ಬಂದಿಲ್ಲ’ ಎಂದ ಸೀನ.

ಅಷ್ಟರಲ್ಲಿ ಅಮ್ಮ ಕಾಫಿ ತಂದಳು. ಕನ್ನಡಕ ಏರಿಸಿಕೊಂಡು “ಮೌನ”ವನ್ನು ತುಂಬಾ ಹೊತ್ತು ನೋಡಿದಳು. ಇವಳಿಗಾದರೂ ಅರ್ಥವಾಯಿತಲ್ಲ ಎಂದು ನನ್ನ ಎದೆ ಉಬ್ಬಿತು, ಡಿಸ್‌ಪ್ಲೇಸ್ ಇಲ್ಲದೆಯೇ.

‘ಪಲ್ಯಕ್ಕೆ ಆಗಲ್ಲ ಕಣೋ, ಬಲಿತುಬಿಟ್ಟಿದೆ. ಹಪ್ಪಳ ಮಾಡಬಹುದು’ ಎಂದಳು.