ಎಸ್‌ಡಬ್ಲ್ಯುಆರ್ ಸರಿಯಾಗೇ ಇದೆ, ಆದ್ರೂ ಯಾರಿಗೂ ಕೇಳಿಸ್ತಿಲ್ಲ: 40 ಮೀಟರ್ ತರಂಗದ ವರ್ಟಿಕಲ್ (ನೆಟ್ಟಗೆ ನಿಲ್ಲಿಸಿದ ಆಂಟೆನಾ) ಪ್ರಶ್ನೋತ್ತರ

ಪ್ರಶ್ನೆ (ಸಾಗರ ತಾಲೂಕಿನಿಂದ): ಸರ್ ನಮಸ್ಕಾರ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಬಂದು ಆರು ತಿಂಗಳಾಯ್ತು. ಅಂಗಳದಲ್ಲಿ ಬಿದಿರಿನ ಗಳ ನಿಲ್ಲಿಸಿ, ಮನೆ ವೈರಿಂಗ್‌ನ ತಂತಿಯನ್ನೇ ಸುಮಾರು 10 ಮೀಟರ್ ಮೇಲಕ್ಕೆ ಕಟ್ಟಿದ್ದೇನೆ. ಬುಡದಲ್ಲಿ ಕೋಆಕ್ಸ್‌ನ (ರೇಡಿಯೋದಿಂದ ಬರುವ ಕೇಬಲಿನ) ನಡುತಂತಿಯನ್ನು ಅದಕ್ಕೆ ಸೇರಿಸಿ, ಹೊರಗಿನ ಜಾಲರಿಯನ್ನು ನಾಲ್ಕು ಅಡಿ ಅರ್ಥ್ ರಾಡ್‌ಗೆ ಕೊಟ್ಟಿದ್ದೇನೆ. 7.1 ಮೆಗಾಹರ್ಟ್ಸ್‌ನಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾ ಕೇಬಲಿಗೆ ಎಷ್ಟು ಹೊಂದಿದೆ ಎನ್ನುವ ಅಳತೆ, 1 ಇದ್ದರೆ ಪೂರ್ತಿ ಹೊಂದಿಕೆ) 1.6, ಅದಕ್ಕಿಂತ ಇಳಿಯುತ್ತಿಲ್ಲ. 50 ವ್ಯಾಟ್‌ನಲ್ಲಿ ಎಷ್ಟು ಕರೆದರೂ ಉತ್ತರ ಬರಲ್ಲ. ಬೆಳಗ್ಗೆ ಬೆಂಗಳೂರಿನವರ ಮಾತು ಸಣ್ಣಗೆ ಕೇಳುತ್ತೆ, ಅವರಿಗೆ ನಾನು ಕೇಳಿಸಲ್ಲ. ರಿಗ್ (ರೇಡಿಯೋ ಸೆಟ್) ಹಾಳಾಗಿರಬಹುದಾ?

ಉತ್ತರ: ನಮಸ್ಕಾರ. ರಿಗ್ ಚೆನ್ನಾಗಿದೆ, ನೀವು ಕಟ್ಟಿದ ತಂತಿಯೂ ಚೆನ್ನಾಗಿದೆ. ಆದರೆ ಆಂಟೆನಾದಲ್ಲಿ ಅರ್ಧ ಭಾಗ ಮಾತ್ರ ಕಟ್ಟಿದ್ದೀರಿ. ಕಾಲು ತರಂಗದ (40 ಮೀಟರಿನ ಕಾಲು ಭಾಗ, ಸುಮಾರು 10 ಮೀಟರ್) ವರ್ಟಿಕಲ್‌ಗೆ ಉಳಿದರ್ಧ ನೆಲದಲ್ಲಿರುತ್ತದೆ. ಮೇಲಿನ ತಂತಿಯಲ್ಲಿ ಎಷ್ಟು ಕರೆಂಟ್ ಹರಿಯುತ್ತದೋ ಅಷ್ಟೂ ಬುಡಕ್ಕೆ ವಾಪಸ್ ಬರಬೇಕು. ನಿಮ್ಮಲ್ಲಿ ಅದು ಬರುತ್ತಿರುವುದು ಜಂಬಿಟ್ಟಿಗೆ ನೆಲದ ಮೂಲಕ, ಅದು ಒಳ್ಳೆಯ ವಾಹಕವಲ್ಲ. ಒಂದು ರಾಡ್ ಸಿಡಿಲಿಗೆ, ಕರೆಂಟ್ ಶಾಕ್‌ಗೆ ಅರ್ಥಿಂಗ್ ಆಗಬಹುದು, ರೇಡಿಯೋ ತರಂಗಕ್ಕೆ ಏನೇನೂ ಸಾಲದು.

ಲೆಕ್ಕ ನೋಡಿ. ನೆಲ ಒಳ್ಳೆಯದಿದ್ದರೆ ಈ ಆಂಟೆನಾ ಬುಡದಲ್ಲಿ ಸುಮಾರು 36 ಓಮ್ ತೋರಿಸಬೇಕು. ನಿಮ್ಮ 1.6 ಅಂದರೆ ಕೇಬಲಿನ 50 ಓಮ್‌ನ 1.6 ಪಟ್ಟು, 80 ಓಮ್ ಆಸುಪಾಸು. ಹೆಚ್ಚಾದ 44 ಓಮ್ ಮಣ್ಣಿನದು. 50 ವ್ಯಾಟ್‌ನಲ್ಲಿ 22, 23 ವ್ಯಾಟ್ ಆಕಾಶಕ್ಕೆ ಹೋಗುತ್ತಿದೆ, ಉಳಿದದ್ದು ಮಣ್ಣು ಬಿಸಿ ಮಾಡುತ್ತಿದೆ.

ರೇಡಿಯಲ್ ಹಾಕಿ, ಅಂದರೆ ಬುಡದಿಂದ ಸುತ್ತಲೂ ನೆಲದಲ್ಲಿ ತಂತಿಗಳನ್ನು ಹರಡಿ, ಜಾಲರಿಗೆ ಸೇರಿಸಿ. ನಾನು ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ನಲ್ಲಿ ಕೆಲಸ ಮಾಡುವಾಗ ಮಾಸ್ಟ್‌ನ ಬುಡದಿಂದ ಚಕ್ರದ ಅರೆಗಳ ಹಾಗೆ ಸುತ್ತಲೂ 120 ತಾಮ್ರದ ತಂತಿ ಹೂತಿಟ್ಟಿದ್ದನ್ನು ನೋಡಿದ್ದೇನೆ. ಬ್ರೌನ್, ಲೂಯಿಸ್, ಎಪ್‌ಸ್ಟೈನ್ ಎಂಬ ಮೂವರು ಅಮೆರಿಕದಲ್ಲಿ ಅಳತೆ ಮಾಡಿ 1937ರಲ್ಲಿ ಪ್ರಕಟಿಸಿದ ಸಂಖ್ಯೆ ಅದು. ನಿಮಗೆ ಅಷ್ಟು ಬೇಡ, 16ರಿಂದ 24 ಸಾಕು. ನೆಲದ ಮೇಲೆ ಹಾಸುವ ತಂತಿಗೆ ಅಳತೆಯ ಕಟ್ಟುನಿಟ್ಟಿಲ್ಲ. ಐದಾರು ಮೀಟರಿನ 16 ತಂತಿ, 10 ಮೀಟರಿನ ನಾಲ್ಕಕ್ಕಿಂತ ಒಳ್ಳೆಯದು. ಹಳೆಯ ಮೋಟರ್ ವೈಂಡಿಂಗ್ ತಂತಿ ಸಿಕ್ಕಿದರೂ ನಡೆಯುತ್ತೆ, ತುದಿಯ ಅರಗು ಮಾತ್ರ ಪೂರ್ತಿ ಕೆರೆದು ಬೆಸುಗೆ ಹಾಕಿ. ದನ ಓಡಾಡುವ ಕಡೆ ನಾಲ್ಕು ಬೆರಳು ಆಳ ಸೀಳಿ ಹೂಳಿ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ವರ್ಟಿಕಲ್ ತಲೆಯ ಮೇಲಕ್ಕೆ ಹೆಚ್ಚು ಕಳಿಸುವುದಿಲ್ಲ, ದಿಗಂತದ ಕಡೆಗೆ ಕಳಿಸುತ್ತದೆ. ಸಾಗರದಿಂದ ಬೆಂಗಳೂರಿಗೆ ಹಗಲಲ್ಲಿ 7 ಮೆಗಾಹರ್ಟ್ಸ್ ಹೋಗಬೇಕೆಂದರೆ ಸಿಗ್ನಲ್ ಸಾಕಷ್ಟು ನೆಟ್ಟಗೆ ಮೇಲೇರಿ ವಾಪಸ್ ಬೀಳಬೇಕು. ಅದಕ್ಕೆ ಎಂಟು, ಹತ್ತು ಮೀಟರ್ ಎತ್ತರದ ಇನ್ವರ್ಟೆಡ್ ವಿ (ನಡು ಮೇಲೆ ಕಟ್ಟಿ ಎರಡು ತುದಿ ಕೆಳಗೆ ಇಳಿಬಿಟ್ಟ ತಂತಿ ಆಂಟೆನಾ) ಇದಕ್ಕಿಂತ ಎಷ್ಟೋ ಮೇಲು. ನಿಮ್ಮ ವರ್ಟಿಕಲ್‌ನ ಸಮಯ ಸೂರ್ಯ ಮುಳುಗಿದ ಮೇಲೆ, ದೂರದ ದೇಶಗಳಿಗೆ.

ಪ್ರಶ್ನೆ (ತೀರ್ಥಹಳ್ಳಿಯಿಂದ): ಸರ್, ಬಿದಿರಿನ ಬದಲು ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಗೆ ತಂತಿ ಕಟ್ಟಬಹುದಾ? ಎತ್ತರ ಬೇಕಾದಷ್ಟು ಸಿಗುತ್ತೆ.

ಉತ್ತರ: ಬೇಡ. ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ತಂತಿಯ ಪಕ್ಕದಲ್ಲೇ ಇದ್ದರೆ ಟ್ಯೂನಿಂಗ್ ಕೆಡುತ್ತದೆ, ಪವರ್ ಕೂಡ ನುಂಗುತ್ತದೆ. ಅದಕ್ಕಿಂತ ದೊಡ್ಡದು ಅಪಾಯ: ದೋಟಿಯಾಗಲಿ ತಂತಿಯಾಗಲಿ ವಾಲಿ ಕರೆಂಟ್ ಲೈನಿಗೆ ತಾಗಿದರೆ ಜೀವವೇ ಹೋಗುತ್ತದೆ. ಗಳ ಯಾವ ದಿಕ್ಕಿಗೆ ಬಿದ್ದರೂ ಲೈನಿಗೆ ತಲುಪದಷ್ಟು ದೂರದಲ್ಲಿ ನಿಲ್ಲಿಸಿ. ಒಣಗಿದ ಬಿದಿರು ಅಥವಾ ಗ್ಲಾಸ್ ಫೈಬರ್ ಗಳ ಸಾಕು.

ಮೊದಲು ಕೇಳಿದವರು, ಎರಡು ವಾರದ ನಂತರ: ಸರ್, ಮೊದಲು 8 ರೇಡಿಯಲ್ ಹಾಕಿದೆ, ಎಸ್‌ಡಬ್ಲ್ಯುಆರ್ 1.1ಕ್ಕೆ ಇಳಿಯಿತು. ಖುಷಿಯಾಗಿ 24 ಮಾಡಿದೆ, ಈಗ 1.2 ಆಗಿದೆ! ಹೆಚ್ಚಿನದನ್ನು ಕಿತ್ತುಬಿಡಲಾ? ನಿನ್ನೆ ರಾತ್ರಿ ಇಟಲಿಯವರೊಬ್ಬರು ಮೊದಲ ಸಲ ಉತ್ತರ ಕೊಟ್ಟರು.

ಉತ್ತರ: ಕೀಳಬೇಡಿ! ಇದು ಒಳ್ಳೆಯ ಸುದ್ದಿ. 1.1 ಇದ್ದಾಗ ಆಂಟೆನಾದ 36ರ ಜೊತೆ ಮಣ್ಣಿನ 18 ಓಮ್ ಸೇರಿ 54 ಆಗಿತ್ತು, ಕೇಬಲಿನ 50ಕ್ಕೆ ಹತ್ತಿರ ಬಂದಿತ್ತು ಅಷ್ಟೆ. ಈಗ ಮಣ್ಣಿನದು 5ಕ್ಕೆ ಇಳಿದು 41 ಆಗಿದೆ. ಮೀಟರ್ ಸ್ವಲ್ಪ ಏರಿತು, ಆದರೆ 50 ವ್ಯಾಟ್‌ನಲ್ಲಿ ಹೆಚ್ಚುಕಡಿಮೆ 44 ಆಕಾಶಕ್ಕೇ ಹೋಗುತ್ತಿದೆ. ಇಟಲಿಗೆ ತಲುಪಿದ್ದು ಅದು. ಹಾಗೇ ಬಿಡಿ.

ಆದರೆ ಮುಂಗಾರಿಗೆ ಮೊದಲಿನ ಗುಡುಗಿನ ದಿನಗಳು ಶುರುವಾದರೆ ಕೋಆಕ್ಸ್ ಅನ್ನು ರಿಗ್‌ನಿಂದ ಬಿಚ್ಚಿದರಷ್ಟೇ ಸಾಲದು, ಕಿಟಕಿಯಿಂದ ಹೊರಗೆ ಎಳೆದು ಅರ್ಥ್ ರಾಡ್‌ನ ಹತ್ತಿರ ಬಿಡಿ. ಗುಡುಗು ಕೇಳಿದ ಮೇಲೆ ಮುಟ್ಟಲು ಹೋಗಬೇಡಿ, ಮಧ್ಯಾಹ್ನ ಮೋಡ ಕಟ್ಟುವಾಗಲೇ ಮಾಡಿ. ಬುಡದ ಜೋಡಣೆಗೆ ಒಂದು ಪ್ಲಾಸ್ಟಿಕ್ ಡಬ್ಬ ಕವುಚಿ ಹಾಕಿ, ಅಡಿಯಲ್ಲಿ ಒಂದು ತೂತು ಬಿಡಿ. ಕೋಆಕ್ಸ್‌ನ ಜಾಲರಿಗೆ ಒಮ್ಮೆ ನೀರು ಇಳಿದರೆ ಒಳಗೆ ಕಪ್ಪಾಗುತ್ತಾ ಹೋಗುತ್ತದೆ, ಆ ತುಂಡನ್ನು ಕತ್ತರಿಸಿ ಬಿಸಾಡುವುದೇ ಗತಿ.