ರೀಫ್ (ಹವಳದ) ಟ್ಯಾಂಕಿಗೆ ಕಡಿಮೆ ಖರ್ಚಿನ ಫಿಲ್ಟರ್ ಯಾವುದು?

ಪ್ರಶ್ನೆ: ಚಿಕ್ಕಮಗಳೂರಿನ ಮನೆಯಲ್ಲಿ 100 ಲೀಟರ್ ಉಪ್ಪುನೀರಿನ ಟ್ಯಾಂಕ್ ಇಡಬೇಕು ಅಂತಿದ್ದೇನೆ. ಎರಡು ಕ್ಲೌನ್ ಮೀನು, ಸ್ವಲ್ಪ ಮೆತ್ತನೆಯ ಹವಳ. ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸಾಧನ) ಬೇಕೇ ಬೇಕಾ?

ಉತ್ತರ 1: ಇಷ್ಟಕ್ಕೆ ಬೇಡ. ದುಡ್ಡನ್ನು ತೂತು ಜಾಸ್ತಿ ಇರುವ ಸೆರಾಮಿಕ್ ಕಲ್ಲಿಗೆ ಹಾಕಿ. ನಿಜವಾದ ಫಿಲ್ಟರ್ ಅದೇ. ಅದರೊಳಗೆ ಬೆಳೆಯುವ ಬ್ಯಾಕ್ಟೀರಿಯಾ ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಇಳಿಸಲು ವಾರಕ್ಕೆ 10 ಲೀಟರ್ ನೀರು ಬದಲಿಸಿ. ಟ್ಯಾಂಕಿನ ಪಕ್ಕಕ್ಕೆ ತೂಗುಹಾಕುವ ಫಿಲ್ಟರ್ ಇಟ್ಟರೆ ಅದರ ಹತ್ತಿ ಹಿಂಡಿ ನೋಡಿ, ಕಂದು ಕೆಸರು ಇಳಿಯುತ್ತದೆ. ಅದನ್ನು ಅಲ್ಲೇ ಕೊಳೆಯಲು ಬಿಡಬೇಡಿ. ಸಮುದ್ರದಿಂದ ಕಿತ್ತ ಹವಳದ ಕಲ್ಲಂತೂ ದಯವಿಟ್ಟು ಬೇಡ. ಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಪ್ರಶ್ನೆ ಕೇಳಿದವರು: ಬೋರ್ ನೀರು ಆಗುತ್ತಾ?

ಉತ್ತರ 2: ಬೇಡ, ಆರ್‌ಓ ನೀರಿಗೇ ಅಕ್ವೇರಿಯಂನ ಸಮುದ್ರ ಉಪ್ಪು (ಅಡುಗೆ ಉಪ್ಪಲ್ಲ) ಕಲಸಿ. ನಮ್ಮೂರ ಮಳೆಗಾಲ ಗೊತ್ತಲ್ವಾ, ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಇರಲೇಬೇಕು.